ಹೋದದ್ದು ಪ್ರೊಸೆಸರ್, ಉಳಿದದ್ದು ಡಾಂಗಲ್

2025ರ ಆಗಸ್ಟ್ 9ರಂದು ಡೆಬಿಯನ್ ಲಿನಕ್ಸ್‌ನ 13ನೇ ಆವೃತ್ತಿ ಹೊರಬಿತ್ತು. ಅದರ ಬಿಡುಗಡೆ ಟಿಪ್ಪಣಿಯಲ್ಲಿ ಸದ್ದಿಲ್ಲದೆ ಒಂದು ಸೂಚನೆ ಇತ್ತು. ‘ಐ386’ ಎಂಬ ಹೆಸರಿನಲ್ಲಿ ನಡೆದುಬಂದ 32-ಬಿಟ್ ಇಂಟೆಲ್ ಮಾದರಿಯ ಯಂತ್ರಗಳಿಗೆ ಇನ್ನು ಇನ್‌ಸ್ಟಾಲರ್ ಇಲ್ಲ, ಕರ್ನಲ್ ಇಲ್ಲ. ಅಂಥ ಯಂತ್ರ ಇಟ್ಟುಕೊಂಡವರು ಹೊಸ ಆವೃತ್ತಿಗೆ ಏರುವ ಗೋಜಿಗೆ ಹೋಗಬಾರದು, ಆಗುವುದಾದರೆ 64-ಬಿಟ್ ಆಗಿ ಹೊಸದಾಗಿ ಹಾಕಿಕೊಳ್ಳಬೇಕು, ಆಗದಿದ್ದರೆ ಯಂತ್ರವನ್ನೇ ನಿವೃತ್ತಿ ಮಾಡಬೇಕು. ಎರಡು ತಿಂಗಳು ಕಳೆದು, ಅಕ್ಟೋಬರ್ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಮನೆ, ಅಂಗಡಿಗಳ ಪಿಸಿಗಳಿಗೆ 32-ಬಿಟ್ ರೂಪದಲ್ಲಿ ಸಿಗುತ್ತಿದ್ದ ಕೊನೆಯ ವಿಂಡೋಸ್ ಅದು. 2021ರಲ್ಲಿ ಬಂದ ವಿಂಡೋಸ್ 11 ಹುಟ್ಟಿನಿಂದಲೇ 64-ಬಿಟ್. ಇಂಟೆಲ್ ಕಂಪನಿ 1985ರಲ್ಲಿ 80386 ಚಿಪ್ ತಂದಾಗ ಶುರುವಾದ ನಲವತ್ತು ವರ್ಷದ ಸಂಸಾರ ಒಂದೇ ವರ್ಷದಲ್ಲಿ ಎರಡೂ ಕಡೆಯಿಂದ ಮುಗಿದಂತಾಯಿತು.

ಪಶ್ಚಿಮ ಬೆಂಗಳೂರಿಗೂ ಈ ಸುದ್ದಿಗೂ ಏನು ನಂಟು ಎಂದು ಕೇಳಬಹುದು. 1949ರಲ್ಲಿ ಕೈಗಾರಿಕಾ ಉಪನಗರವಾಗಿ ಅಡಿಗಲ್ಲು ಕಂಡ ರಾಜಾಜಿನಗರ, ಅದರ ಆಚೆಗಿನ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಶೆಡ್ಡುಗಳು, ವಿಜಯನಗರದ ಡಿಟಿಪಿ ಅಂಗಡಿಗಳು, ಬಸವೇಶ್ವರನಗರದ ಆಡಿಟರ್ ಕಚೇರಿಗಳು, ಕೆಂಗೇರಿಯ ಕಾಲೇಜುಗಳ ಸುತ್ತಲಿನ ಜೆರಾಕ್ಸ್ ಮಳಿಗೆಗಳು. ಇಲ್ಲಿ ಕಂಪ್ಯೂಟರ್ ಎಂದರೆ ಟೆಕ್ ಪಾರ್ಕಿನ ಲ್ಯಾಪ್‌ಟಾಪ್ ಅಲ್ಲ. ಲೇತ್ ಪಕ್ಕದಲ್ಲಿ ಎಣ್ಣೆಗೈಯಿಂದ ಒತ್ತಿಸಿಕೊಳ್ಳುವ ಕೀಬೋರ್ಡು, ಲಗ್ನಪತ್ರಿಕೆಯ ಪ್ರೂಫ್ ತಿದ್ದುವ ಅಸೆಂಬಲ್ಡ್ ಪಿಸಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಬಿಲ್ ಹೊಡೆಯುವ ಗಲ್ಲಾದ ಮೇಜಿನ ಪೆಟ್ಟಿಗೆ. ಇಂಥ ಕಡೆಗಳಿಂದಲೇ ಕೇಳಿಬರುವ ದೂರು ಒಂದಿದೆ: ಚೆನ್ನಾಗಿ ಓಡುತ್ತಿದ್ದ ಯಂತ್ರವನ್ನು ಕಂಪನಿಯವರು ಬೇಕೆಂದೇ ಮೂಲೆಗೆ ತಳ್ಳಿದರು ಎಂದು. ದೂರಿನಲ್ಲಿ ನೋವು ನಿಜ, ಆರೋಪಿ ಮಾತ್ರ ಬೇರೆ. ನಮ್ಮನ್ನು ಹಳೆಯ ಯಂತ್ರಕ್ಕೆ ಕಟ್ಟಿಹಾಕಿರುವುದು ಪ್ರೊಸೆಸರ್ ಅಲ್ಲ. ಅದರ ಸುತ್ತ ಬೆಳೆದ ಮುಚ್ಚಿದ ಡ್ರೈವರ್, ಬೀಗ ಜಡಿದ ತಂತ್ರಾಂಶ ಮತ್ತು ಯೂನಿಕೋಡ್ ಅಲ್ಲದ ಕನ್ನಡ ನಮ್ಮನ್ನು ಕಟ್ಟಿವೆ. 32-ಬಿಟ್ ಬೆಂಬಲ ಮುಂದುವರಿಸಿ ಎಂದು ಕೇಳುವುದು ಸಂಬಂಧವಿಲ್ಲದ ಇಲಾಖೆಗೆ ಅರ್ಜಿ ಹಾಕಿದಂತೆ.

ಮೊದಲು ಚಿಪ್‌ನ ಮಿತಿ ಏನೆಂದು ನೋಡೋಣ. 32-ಬಿಟ್ ವಿಳಾಸದಲ್ಲಿ ಒಂದು ಪ್ರೋಗ್ರಾಂ ಎಣಿಸಬಹುದಾದ ಮೆಮೊರಿಯ ಬೈಟ್‌ಗಳು 429 ಕೋಟಿ ಚಿಲ್ಲರೆ, ಅಂದರೆ 4 ಜಿಬಿ. ಲಿನಕ್ಸ್‌ನ ರೂಢಿಯ ಹಂಚಿಕೆಯಲ್ಲಿ ಇದರ 3 ಜಿಬಿ ಪ್ರೋಗ್ರಾಂ ಪಾಲಿಗೆ, 1 ಜಿಬಿ ಕರ್ನಲ್ ಪಾಲಿಗೆ. ಆ ಒಂದರಲ್ಲೂ ಕರ್ನಲ್ ನೇರವಾಗಿ ಮುಟ್ಟಬಲ್ಲದ್ದು 896 ಎಂಬಿ. ಅದಕ್ಕಿಂತ ಹೆಚ್ಚು ಮೆಮೊರಿ ಹಾಕಿದರೆ ಕಿಟಕಿಯೊಂದನ್ನು ಅತ್ತಿತ್ತ ಸರಿಸುತ್ತ ನೋಡುವ ಕಸರತ್ತು ನಡೆಯಬೇಕು. ಎಎಂಡಿ ಕಂಪನಿ 2003ರಲ್ಲಿ ಆಪ್ಟೆರಾನ್ ಚಿಪ್ ತಂದು, ಹಳೆಯ 32-ಬಿಟ್ ಪ್ರೋಗ್ರಾಂಗಳನ್ನು ಓಡಿಸುತ್ತಲೇ 64-ಬಿಟ್‌ಗೆ ದಾಟುವ ದಾರಿ ತೆರೆಯಿತು; ಇಂಟೆಲ್ ಅದೇ ದಾರಿ ಹಿಡಿಯಿತು. ಆಮೇಲೆ ಬಂದದ್ದೆಲ್ಲ ಈ ಕಸರತ್ತನ್ನು ಎಷ್ಟು ದಿನ ಹೊರುವುದು ಎಂಬ ಪ್ರಶ್ನೆ.

ಹೊರುವುದು ಎಂದರೇನು ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಡೆಬಿಯನ್ 13ರಲ್ಲಿ ಸುಮಾರು 70 ಸಾವಿರ ಪ್ಯಾಕೇಜ್‌ಗಳಿವೆ. ಯಂತ್ರಕ್ಕೆ ತಕ್ಕಂತೆ ಬದಲಾಗುವ ಪ್ರತಿಯೊಂದನ್ನೂ ಬೆಂಬಲಿತ ಆರ್ಕಿಟೆಕ್ಚರ್‌ಗಳಿಗೆಲ್ಲ ಬೇರೆಬೇರೆಯಾಗಿ ಕಂಪೈಲ್ ಮಾಡಬೇಕು, ಪರೀಕ್ಷೆ ಪಾಸಾಗಬೇಕು. ಒಂದು ಕಡೆ ಎಡವಿದರೆ ಉಳಿದವೆಲ್ಲ ಕಾಯುತ್ತವೆ. ಈಗಿನ ಬ್ರೌಸರ್ ಒಂದನ್ನು ಕಂಪೈಲ್ ಮಾಡಿ ಕೊನೆಗೆ ಜೋಡಿಸುವ ಕೆಲಸ 32-ಬಿಟ್ ಪ್ರೋಗ್ರಾಂಗೆ ಸಿಗುವ ಮೆಮೊರಿಯಲ್ಲಿ ಹಿಡಿಸುವುದೇ ಕಷ್ಟ. ಹಳೆಯ ಯಂತ್ರದ ತಂತ್ರಾಂಶವನ್ನು ಆ ಯಂತ್ರದ ಮೇಲೆಯೇ ತಯಾರಿಸಲಾಗದ ವಿಚಿತ್ರ ಸ್ಥಿತಿ. ಲೆಕ್ಕದ ತೊಡಕೂ ಇದೆ. ಹಳೆಯ ಇಂಟೆಲ್ ಚಿಪ್‌ಗಳ ದಶಮಾಂಶ ಗಣಿತದ ಘಟಕ ಒಳಗೊಳಗೆ 80 ಬಿಟ್‌ನಲ್ಲಿ ಎಣಿಸಿ, ಹೊರಗೆ ಬರೆಯುವಾಗ 64 ಬಿಟ್‌ಗೆ ಕತ್ತರಿಸುತ್ತದೆ. ಯಾವ ಹೆಜ್ಜೆಯಲ್ಲಿ ಕತ್ತರಿಸಬೇಕೆಂಬುದನ್ನು ಕಂಪೈಲರ್ ನಿರ್ಧರಿಸುವುದರಿಂದ, ಒಂದೇ ಲೆಕ್ಕ 32-ಬಿಟ್ ಯಂತ್ರದಲ್ಲಿ ಒಂದು ಉತ್ತರ, 64-ಬಿಟ್‌ನಲ್ಲಿ ಕೊನೆಯ ಅಂಕಿಯಲ್ಲಿ ಚೂರು ಬೇರೆ ಉತ್ತರ ಕೊಡುವುದುಂಟು. ಬಳಕೆದಾರನಿಗೆ ಅದು ಗೊತ್ತೂ ಆಗುವುದಿಲ್ಲ. ಪರೀಕ್ಷೆ ಮಾತ್ರ ಫೇಲ್ ಆಗುತ್ತದೆ, ಯಾರೋ ಒಬ್ಬರು ಭಾನುವಾರದ ಮಧ್ಯಾಹ್ನ ಅದರ ಹಿಂದೆ ಬೀಳಬೇಕಾಗುತ್ತದೆ.

ಭದ್ರತೆಯ ವಿಷಯದಲ್ಲಿ ಈ ಹೊರೆಯಿಂದಾಗುವ ನಿಧಾನ ಅಪಾಯವೇ ಆಗಿಬಿಡುತ್ತದೆ. 2018ರ ಜನವರಿಯಲ್ಲಿ ಇಂಟೆಲ್ ಚಿಪ್‌ಗಳ ‘ಮೆಲ್ಟ್‌ಡೌನ್’ ದೋಷ ಬಯಲಾದಾಗ 64-ಬಿಟ್ ಲಿನಕ್ಸ್‌ಗೆ ಆ ತಿಂಗಳಲ್ಲೇ ತೇಪೆ ಬಿತ್ತು. ಅದೇ ರಕ್ಷಣೆ ಮುಖ್ಯ ಕರ್ನಲ್‌ನಲ್ಲಿ 32-ಬಿಟ್‌ಗೆ ಬಂದದ್ದು ಅಕ್ಟೋಬರ್‌ನ 4.19ನೇ ಆವೃತ್ತಿಯಲ್ಲಿ. ಒಂಬತ್ತು ತಿಂಗಳ ಈ ಅಂತರಕ್ಕೆ ಯಾರ ದ್ವೇಷವೂ ಕಾರಣವಲ್ಲ. ಆ ಕಡೆ ನೋಡುವ ಕಣ್ಣುಗಳು ಕಡಿಮೆಯಾಗಿದ್ದವು, ಅಷ್ಟೇ. ಬೆಂಬಲ ಇದೆ ಎಂದು ಕಾಗದದ ಮೇಲಿದ್ದು, ನೋಡುವವರೇ ಇಲ್ಲದ ಸ್ಥಿತಿ ಬೆಂಬಲ ಇಲ್ಲದ್ದಕ್ಕಿಂತ ಕೆಟ್ಟದ್ದು. ಇಲ್ಲ ಎಂದು ಗೊತ್ತಿದ್ದವನು ಯಂತ್ರವನ್ನು ಇಂಟರ್‌ನೆಟ್‌ನಿಂದ ಬಿಡಿಸಿಡುತ್ತಾನೆ, ಇದೆ ಎಂದು ನಂಬಿದವನು ಅದರಲ್ಲೇ ಬ್ಯಾಂಕಿನ ಕೆಲಸ ಮಾಡುತ್ತಾನೆ. ಮುಂದೆ 2038ರ ಜನವರಿ 19 ಬೇರೆ ಕಾದಿದೆ. ಹಳೆಯ 32-ಬಿಟ್ ವ್ಯವಸ್ಥೆಗಳು ಸಮಯವನ್ನು 1970ರಿಂದ ಸೆಕೆಂಡುಗಳಲ್ಲಿ ಎಣಿಸುತ್ತ ಬಂದಿವೆ. ಅಂದು ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆಯ ಜಾಗ ತುಂಬಿಹೋಗಿ, ಮರುಕ್ಷಣ ದಿನಾಂಕ 1901ಕ್ಕೆ ಹಾರುತ್ತದೆ. ಡೆಬಿಯನ್‌ನವರು ಉಳಿದ 32-ಬಿಟ್ ಆರ್ಕಿಟೆಕ್ಚರ್‌ಗಳಲ್ಲಿ ಇದನ್ನು ಸರಿಪಡಿಸಿ, ಐ386ನ್ನು ಮಾತ್ರ ಬೇಕೆಂದೇ ಹಾಗೇ ಬಿಟ್ಟರು. ಅದರ ಕಾರಣದಲ್ಲೇ ನನ್ನ ವಾದದ ಅರ್ಧ ಇದೆ. ಐ386 ಇನ್ನು ಉಳಿದಿರುವುದು ಹಳೆಯ ಸಿದ್ಧ ಪ್ರೋಗ್ರಾಂಗಳನ್ನು 64-ಬಿಟ್ ಯಂತ್ರದ ಮೇಲೆ ಓಡಿಸಲಿಕ್ಕಷ್ಟೇ. ಸಮಯದ ಅಳತೆ ಬದಲಿಸಿದರೆ ಆ ಪ್ರೋಗ್ರಾಂಗಳೇ ಓಡುವುದಿಲ್ಲ.

2019ರ ಉಬುಂಟು ಪ್ರಸಂಗವೂ ಇದನ್ನೇ ಹೇಳುತ್ತದೆ. ಆ ವರ್ಷದ ಜೂನ್‌ನಲ್ಲಿ ಉಬುಂಟು 32-ಬಿಟ್ ಪ್ಯಾಕೇಜ್‌ಗಳನ್ನೆಲ್ಲ ಕೈಬಿಡುವುದಾಗಿ ಸಾರಿತು. ಕೂಡಲೇ ಗದ್ದಲ ಎದ್ದಿತು. ಸ್ಟೀಮ್ ಎಂಬ ಆಟಗಳ ವೇದಿಕೆ ನಡೆಸುವ ವಾಲ್ವ್ ಕಂಪನಿ ಹಾಗಾದರೆ ಹೊಸ ಉಬುಂಟುವಿಗೆ ತನ್ನ ಬೆಂಬಲವಿಲ್ಲ ಎಂದಿತು. ಕೆಲವೇ ದಿನಗಳಲ್ಲಿ ಉಬುಂಟು ಹಿಂದೆ ಸರಿದು, ಆಯ್ದ 32-ಬಿಟ್ ಪ್ಯಾಕೇಜ್‌ಗಳನ್ನು ಉಳಿಸಿಕೊಂಡಿತು. ಇಲ್ಲಿ ಗಮನಿಸಬೇಕಾದದ್ದು ಗದ್ದಲ ಮಾಡಿದವರು ಯಾರು ಎಂಬುದನ್ನು. ಉಬುಂಟು ಡೆಸ್ಕ್‌ಟಾಪ್‌ನ 32-ಬಿಟ್ ಸಿಡಿ 2017ರಲ್ಲೇ ನಿಂತಿತ್ತು, ಆಗ ಇಷ್ಟು ಕೂಗಾಟವಿರಲಿಲ್ಲ. ಎರಡು ವರ್ಷದ ನಂತರ ಕೂಗಿದವರ ಕೈಯಲ್ಲಿ ಇದ್ದದ್ದು 64-ಬಿಟ್ ಯಂತ್ರವೇ. ಅವರಿಗೆ ಬೇಕಿದ್ದದ್ದು ಮೂಲ ಕೋಡ್ ಸಿಗದ, ಇನ್ನೊಮ್ಮೆ ಕಂಪೈಲ್ ಮಾಡಲಾಗದ ಹಳೆಯ ಆಟಗಳು ಮತ್ತು ವಿಂಡೋಸ್ ಪ್ರೋಗ್ರಾಂಗಳು.

ರಾಜಾಜಿನಗರದ ಶೆಡ್ಡಿನಲ್ಲೂ ಕಥೆ ಬೇರೆಯಲ್ಲ. ವಿಂಡೋಸ್ 10 ಇರುವ ಯಾವುದೇ ಹಳೆಯ ಪಿಸಿಯಲ್ಲಿ ‘ಅಬೌಟ್’ ಪುಟ ತೆರೆದು ನೋಡಿ. ಎಷ್ಟೋ ಕಡೆ ಅಲ್ಲಿ ಕಾಣುವುದು ‘32-ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಪ್ರೊಸೆಸರ್’ ಎಂಬ ಸಾಲು. ಪ್ರೊಸೆಸರ್ 64-ಬಿಟ್, ಮೇಲೆ ಹಾಕಿರುವುದು 32. ಇಂಟೆಲ್‌ನ ಕೋರ್ 2 ಡುಯೋ 2006ರಲ್ಲೇ 64-ಬಿಟ್ ಆಗಿತ್ತು. ನಿಜವಾಗಿ 32 ಮಾತ್ರ ಬಲ್ಲ ಚಿಪ್‌ಗಳೆಂದರೆ ಅದಕ್ಕೂ ಹಿಂದಿನ ಬಹುಪಾಲು ಪೆಂಟಿಯಂಗಳು, 2008ರ ಆಸುಪಾಸಿನ ಪುಟ್ಟ ನೆಟ್‌ಬುಕ್‌ಗಳಲ್ಲಿದ್ದ ಆಟಂ ಎನ್270 ಇತ್ಯಾದಿ. ಹಾಗಿದ್ದರೂ ಅಸೆಂಬಲ್ ಮಾಡಿಕೊಟ್ಟವರು 32-ಬಿಟ್ ವಿಂಡೋಸನ್ನೇ ಹಾಕಿದ್ದೇಕೆ? ಮೆಮೊರಿ 2 ಜಿಬಿ ಇದ್ದಾಗ 64ರಿಂದ ಲಾಭವಿರಲಿಲ್ಲ ಎಂಬುದು ಒಂದು ಕಾರಣ. ಡಾಂಗಲ್ ಕೆಲಸ ಮಾಡಬೇಕಿತ್ತು ಎಂಬುದು ಇನ್ನೊಂದು, ದೊಡ್ಡದು.

64-ಬಿಟ್ ವಿಂಡೋಸ್ 32-ಬಿಟ್ ಪ್ರೋಗ್ರಾಂಗಳನ್ನು ಆರಾಮಾಗಿ ಓಡಿಸುತ್ತದೆ, 32-ಬಿಟ್ ಡ್ರೈವರನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ಡ್ರೈವರ್ ಕರ್ನಲ್‌ನ ಒಳಗೇ ಕೂರುವಂಥದ್ದು, ಕರ್ನಲ್‌ನ ಅಳತೆಯೇ ಅದರ ಅಳತೆ. ಡಾಂಗಲ್ ಎಂದರೆ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಬೆರಳುದ್ದದ ಹಾರ್ಡ್‌ವೇರ್ ಲಾಕ್. ಅದು, ಹಳೆಯ ಸ್ಕ್ಯಾನರ್, ಸ್ಟಿಕರ್ ಕತ್ತರಿಸುವ ಪ್ಲಾಟರ್, ಸಿಎನ್‌ಸಿ ಯಂತ್ರದ ಒಳಗಿನ ಪಿಸಿಐ ಕಾರ್ಡು ಎಲ್ಲದಕ್ಕೂ ಡ್ರೈವರ್ ಬೇಕು. ಅದನ್ನು ಬರೆದ ಕಂಪನಿ ಮುಚ್ಚಿದ್ದರೆ, ಅಥವಾ ಹೊಸ ಮಾಡೆಲ್ ಕೊಳ್ಳಿ ಎಂದರೆ, 64-ಬಿಟ್ ಡ್ರೈವರ್ ಬರುವುದೇ ಇಲ್ಲ. ಇನ್ನೊಂದು ಸೂಕ್ಷ್ಮವಿದೆ. ತೊಂಬತ್ತರ ದಶಕದ ಎಷ್ಟೋ 32-ಬಿಟ್ ಪ್ರೋಗ್ರಾಂಗಳ ಇನ್‌ಸ್ಟಾಲರ್ 16-ಬಿಟ್‌ನದು. ಹೊಸ ವಿಂಡೋಸ್‌ನಲ್ಲಿ ಪ್ರೋಗ್ರಾಂ ಓಡಬಲ್ಲದು, ಅದನ್ನು ಒಳಗೆ ಕರೆತರುವ ಇನ್‌ಸ್ಟಾಲರ್ ಬಾಗಿಲಲ್ಲೇ ನಿಲ್ಲುತ್ತದೆ. ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ ಬರೆಸಿಕೊಂಡ ಬಿಲ್ಲಿಂಗ್, ಚೀಟಿ ವ್ಯವಹಾರ, ಸಹಕಾರ ಸಂಘದ ಲೆಕ್ಕ ಇವೆಲ್ಲ 32-ಬಿಟ್ ವಿಂಡೋಸ್‌ನಲ್ಲಿ ಹೇಗೋ ನಡೆಯುತ್ತಿದ್ದವು. 64ಕ್ಕೆ ಬಂದೊಡನೆ ನಿಂತವು. ಬಳಕೆದಾರನಿಗೆ ಕಂಡದ್ದು ‘ಹೊಸ ಕಂಪ್ಯೂಟರ್‌ನಲ್ಲಿ ಆಗಲ್ಲ’ ಎಂಬ ಒಂದೇ ಮಾತು.

ಹಾಗೆ ನೋಡಿದರೆ ಫಾಕ್ಸ್‌ಪ್ರೊದವರ ಸ್ಥಿತಿ ವಾಸಿ. ಅದರ ಡಿಬಿಎಫ್ ಕಡತಗಳ ವಿನ್ಯಾಸ ಜಗಜ್ಜಾಹೀರು. ಉಚಿತ ಲಿಬ್ರೆಆಫೀಸ್‌ನ ಸ್ಪ್ರೆಡ್‌ಶೀಟಿನಲ್ಲಿ ಇಂದಿಗೂ ತೆರೆದುಕೊಳ್ಳುತ್ತವೆ. ಪ್ರೋಗ್ರಾಂ ಸತ್ತರೂ ಲೆಕ್ಕ ಸಾಯಲಿಲ್ಲ. ಕನ್ನಡ ಡಿಟಿಪಿಯ ಕಥೆ ಹೀಗಿಲ್ಲ. ವಿಂಡೋಸ್ ಎಕ್ಸ್‌ಪಿ 2001ರಲ್ಲೇ ‘ತುಂಗಾ’ ಫಾಂಟ್ ಜತೆಗೆ ಯೂನಿಕೋಡ್ ಕನ್ನಡ ಹೊತ್ತು ಬಂದಿತ್ತು. ಅದೇ ವರ್ಷ ಬಂದ ಪೇಜ್‌ಮೇಕರ್ 7, ಆ ತಂತ್ರಾಂಶದ ಕೊನೆಯ ಆವೃತ್ತಿ, ಯೂನಿಕೋಡ್ ಅರಿಯದು. ಮುದ್ರಣದ ಕೆಲಸವೆಲ್ಲ ಪೇಜ್‌ಮೇಕರ್‌ನಲ್ಲೇ ಇದ್ದುದರಿಂದ ನುಡಿ, ಶ್ರೀಲಿಪಿ, ಬರಹದಂಥ ತಂತ್ರಾಂಶಗಳ ‘ಆಸ್ಕಿ’ ಫಾಂಟುಗಳೇ ಪ್ರೆಸ್ಸಿನ ಕನ್ನಡವಾದವು. ಇವುಗಳಲ್ಲಿ ‘ಕ’ ಎಂಬುದು ಕಂಪ್ಯೂಟರ್‌ನ ಲೆಕ್ಕಕ್ಕೆ ಕನ್ನಡದ ಅಕ್ಷರವೇ ಅಲ್ಲ. ಇಂಗ್ಲಿಷಿನ ಯಾವುದೋ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತದೆ. ಫಾಂಟ್ ತೆಗೆದರೆ ಕಡತದಲ್ಲಿ ಉಳಿಯುವುದು ಯುರೋಪಿನ ಯಾವ ಭಾಷೆಗೂ ಸೇರದ ಸೊಟ್ಟ ಅಕ್ಷರಗಳ ಸಾಲು. ಒಂದು ತಂತ್ರಾಂಶದ ಕಡತ ಇನ್ನೊಂದರ ಫಾಂಟಿನಲ್ಲಿ ಸರಿಯಾಗಿ ಕಾಣುವ ಖಾತರಿಯೂ ಇಲ್ಲ. ಹೀಗೆ ಸಂಘಸಂಸ್ಥೆಗಳ ಸ್ಮರಣಸಂಚಿಕೆ, ಸಣ್ಣ ಪ್ರಕಾಶಕರ ಪುಸ್ತಕ, ಶಾಲೆಯ ಪ್ರಶ್ನೆಪತ್ರಿಕೆ ಪೇಜ್‌ಮೇಕರ್‌ನಲ್ಲಿ ಸಿಕ್ಕಿಕೊಂಡವು, ಪೇಜ್‌ಮೇಕರ್ ಆ ಫಾಂಟಿನಲ್ಲಿ, ಫಾಂಟ್ ಕೆಲವು ಕಡೆ ಡಾಂಗಲ್‌ನಲ್ಲಿ, ಡಾಂಗಲ್ 32-ಬಿಟ್ ಡ್ರೈವರ್‌ನಲ್ಲಿ. ಪ್ರೊಸೆಸರ್ ಈ ಸರಪಳಿಯ ತುದಿಯಲ್ಲಿ ಸುಮ್ಮನೆ ನಿಂತಿದೆ.

ಸರಪಳಿ ಬಿಚ್ಚುವುದು ಅಸಾಧ್ಯವೇನಲ್ಲ. ಪೇಜ್‌ಮೇಕರ್ ಕಡತಗಳನ್ನು ಲಿಬ್ರೆಆಫೀಸ್‌ನ ಡ್ರಾ ಓದಬಲ್ಲದು, ಪುಟದ ಜೋಡಣೆ ಅಲ್ಲಲ್ಲಿ ಕೆಟ್ಟರೂ ಪಠ್ಯ ಸಿಗುತ್ತದೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿವೆ. ಅರ್ಕಾವೊತ್ತು, ಒತ್ತಕ್ಷರ, ದೀರ್ಘದ ಗುರುತು ಇರುವಲ್ಲಿ ಅವು ಎಡವುವುದರಿಂದ ಮನುಷ್ಯನ ಕಣ್ಣು ಒಮ್ಮೆ ಹಾಯಬೇಕು. ಬೇಸರದ ಕೆಲಸ, ನಿಜ. ಆದರೆ ಒಮ್ಮೆ ಮಾಡಿದರೆ ಮುಗಿಯಿತು. ಹಳೆಯ ಯಂತ್ರಕ್ಕೆ ಎಸ್.ಪಿ. ರಸ್ತೆಯಲ್ಲಿ ಮದರ್‌ಬೋರ್ಡ್ ಹುಡುಕುವ ಕೆಲಸ ಪ್ರತಿ ವರ್ಷದ್ದು.

ಇಷ್ಟಾದರೂ ಒಂದು ಆಕ್ಷೇಪ ನಿಲ್ಲುತ್ತದೆ. ದುಡ್ಡಿರುವ ಕಂಪನಿಗಳಿಗೆ ಹಳೆಯದನ್ನು ಸಾಕುವುದೇನು ಕಷ್ಟ? ಇದಕ್ಕೆ ಉತ್ತರ ಬೆಂಗಳೂರಿನಲ್ಲೇ ಇದೆ. ಎಚ್‌ಪಿ ಕಂಪನಿ ತನ್ನ ಓಪನ್‌ವಿಎಂಎಸ್ ಆಪರೇಟಿಂಗ್ ಸಿಸ್ಟಂನ ಎಂಜಿನಿಯರಿಂಗ್ ಕೆಲಸವನ್ನು 2009ರಲ್ಲಿ ಅಮೆರಿಕದಿಂದ ಈ ಊರಿಗೆ ತಂದಿತು. ಅದು ಆಗ ಓಡುತ್ತಿದ್ದದ್ದು ಇಟಾನಿಯಂ ಎಂಬ, ಮಾರುಕಟ್ಟೆಯಲ್ಲಿ ಸೋತ ಚಿಪ್‌ನ ಮೇಲೆ. ಆ ಚಿಪ್‌ನ ಮಾರಾಟ 2021ಕ್ಕೆ ನಿಂತಿತು. 2024ರ ಜನವರಿಯಲ್ಲಿ ಬಂದ ಲಿನಕ್ಸ್ 6.7ರಿಂದ ಇಟಾನಿಯಂ ಕೋಡನ್ನು ಕಿತ್ತುಹಾಕಿದರು, ಹೊಣೆ ಹೊರುವವರೇ ಇರಲಿಲ್ಲ. ಅದೇ ಚಿಪ್‌ನ ಮೇಲೆ ಓಡುವ, ಎಚ್‌ಪಿಯದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಎಚ್‌ಪಿ-ಯುಎಕ್ಸ್‌ಗೆ ಮಾತ್ರ 2025ರ ಡಿಸೆಂಬರ್ 31ರವರೆಗೆ ಬೆಂಬಲ ನಡೆಯಿತು. ಬ್ಯಾಂಕು, ಟೆಲಿಕಾಂ ಕಂಪನಿಗಳಂಥ ಗ್ರಾಹಕರು ಅದಕ್ಕೆ ಹಣ ಕಟ್ಟುತ್ತಿದ್ದರು, ಆ ಹಣದಲ್ಲಿ ಎಂಜಿನಿಯರ್‌ಗಳಿಗೆ ಸಂಬಳ ಹೋಗುತ್ತಿತ್ತು. ಬೆಂಬಲ ಎಂಬುದು ಯಾರದೋ ಸಂಬಳ, ಇಲ್ಲವೇ ಯಾರದೋ ಬಿಡುವಿನ ವೇಳೆ. 32-ಬಿಟ್ ಲಿನಕ್ಸ್‌ಗೆ ಎರಡೂ ಬತ್ತಿದ್ದವು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಯಾವ 386 ಯಂತ್ರದ ಮೇಲೆ ಲಿನಕ್ಸ್ ಶುರುಮಾಡಿದರೋ ಆ 386ನ್ನೇ 2012ರ ಡಿಸೆಂಬರ್‌ನಲ್ಲಿ ಕರ್ನಲ್‌ನಿಂದ ಹೊರಹಾಕಲು ಅವರು ಹಿಂದೆಮುಂದೆ ನೋಡಲಿಲ್ಲ. ಅಂದು ಕತ್ತರಿ ಹಿಡಿದಿದ್ದ ಇಂಗೊ ಮೊಲ್ನಾರ್ 2025ರಲ್ಲಿ 486ರ ಕೋಡನ್ನೂ ತೆಗೆಯುವ ಪ್ರಸ್ತಾವ ಇಟ್ಟಾಗ, ಕಡಿಮೆಯಾಗುವ ಸಾಲುಗಳ ಸಂಖ್ಯೆ 14 ಸಾವಿರ ದಾಟಿತ್ತು. ಬಿಡುವಾದ ಕೈಗಳಿಗೆ ಬೇರೆ ಕೆಲಸ ಇದ್ದೇ ಇದೆ. ಐ386 ಹೊರಹೋದ ಅದೇ ಡೆಬಿಯನ್ 13ರಲ್ಲಿ ರಿಸ್ಕ್-ಫೈವ್ ಎಂಬ ಪ್ರೊಸೆಸರ್ ಮಾದರಿ ಮೊದಲ ಬಾರಿಗೆ ಅಧಿಕೃತವಾಗಿ ಒಳಬಂದಿದೆ. ಮದ್ರಾಸ್ ಐಐಟಿಯ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಪ್ರೊಸೆಸರ್‌ಗಳು ಆ ವಂಶದವೇ.

ಇ-ತ್ಯಾಜ್ಯದ ಆಕ್ಷೇಪ ಇದಕ್ಕಿಂತ ಗಟ್ಟಿ. ಬೆಂಬಲ ಹೋದ ಯಂತ್ರ ಗುಜರಿಗೆ ಹೋಗುತ್ತದೆ. ಬೆಂಗಳೂರಿನ ಬಳಿ ಡಾಬಸ್‌ಪೇಟೆಯಲ್ಲಿ ಇ-ಪರಿಸರದಂಥ ಅಧಿಕೃತ ಘಟಕ 2005ರಿಂದ ಇದ್ದರೂ, ಗೋರಿಪಾಳ್ಯದಂಥ ಕಡೆ ಕೈಯಿಂದಲೇ ಬಿಚ್ಚಿ, ಸುಟ್ಟು ಲೋಹ ತೆಗೆಯುವ ಅಸಂಘಟಿತ ದಂಧೆ ಈ ನಗರಕ್ಕೆ ಹೊಸದಲ್ಲ. ಆದರೆ ಇಲ್ಲಿ ಎರಡು ಬಗೆಯ ನಿವೃತ್ತಿಯನ್ನು ಬೇರ್ಪಡಿಸಬೇಕು. ಡೆಬಿಯನ್ ಕೈಬಿಟ್ಟದ್ದು 32 ಮಾತ್ರ ಬಲ್ಲ, ಹೆಚ್ಚುಕಡಿಮೆ ಹದಿನೈದು ವರ್ಷ ದಾಟಿದ ಯಂತ್ರಗಳನ್ನು. ಅವುಗಳಲ್ಲಿ ಕೊನೆಕೊನೆಯ ಪೆಂಟಿಯಂ 4 ಬಗೆಯವು ನೂರು ವಾಟ್ ಮೀರಿ ವಿದ್ಯುತ್ ಕುಡಿಯುತ್ತವೆ. ಇಂದಿನ ಅಗ್ಗದ ಇಂಟೆಲ್ ಎನ್100 ಚಿಪ್‌ನ ಮಿತಿ 6 ವಾಟ್. ವಿಂಡೋಸ್ 11 ಮಾಡಿದ್ದು ಬೇರೆಯೇ. 2017ರಲ್ಲಿ ಹೊಸದಾಗಿ ಮಾರಿದ ಏಳನೇ ತಲೆಮಾರಿನ ಇಂಟೆಲ್ ಚಿಪ್‌ಗಳು ಪೂರ್ತಿ 64-ಬಿಟ್ ಆಗಿದ್ದರೂ, ಬೆರಳೆಣಿಕೆಯವು ಬಿಟ್ಟು ಉಳಿದವನ್ನು ಅದು ಪಟ್ಟಿಯಿಂದ ಹೊರಗಿಟ್ಟಿತು. ಗುಜರಿಯ ರಾಶಿಗೆ ದೊಡ್ಡ ಪಾಲು ಬರುವುದು ಇಲ್ಲಿಂದ. ಇದನ್ನು ಪ್ರೊಸೆಸರ್‌ನ ವೃದ್ಧಾಪ್ಯ ಎಂದು ಕರೆಯುವುದು ಸರಿಯಲ್ಲ. ಸಿಟ್ಟು ಮಾಡುವುದಿದ್ದರೆ ಇಲ್ಲಿ ಮಾಡಬೇಕು, ಮತ್ತು ಆ ಯಂತ್ರಗಳ ಮೇಲೆ ಡೆಬಿಯನ್ 13 ಇವತ್ತಿಗೂ ಸರಾಗವಾಗಿ ಓಡುತ್ತದೆ ಎಂಬುದನ್ನೂ ನೆನಪಿಡಬೇಕು. ಮಾರಾಟದ ತಂತ್ರಾಂಶಗಳೂ 32ನ್ನು ದಾಟಿ ಹೋಗಿವೆ. ಬೆಂಗಳೂರಿನದೇ ಆದ ಟ್ಯಾಲಿ ಕಂಪನಿ 2020ರಲ್ಲಿ ತಂದ ಟ್ಯಾಲಿಪ್ರೈಮ್ 64-ಬಿಟ್ ವಿಂಡೋಸನ್ನೇ ಕೇಳುತ್ತದೆ.

ಕೊನೆಯ ಆಕ್ಷೇಪ ಶೆಡ್ಡಿನವರದು: ನಮ್ಮ ಯಂತ್ರ ಇಂಟರ್‌ನೆಟ್‌ಗೆ ಸೇರಿಯೇ ಇಲ್ಲ, ಅಪ್‌ಡೇಟ್ ಯಾಕೆ ಬೇಕು? ಅವರು ಹೇಳುವುದು ಸರಿ, ಬೇಡ. ಲೇತ್‌ನ ಕಂಟ್ರೋಲರ್ ಒಳಗೆ ಎಕ್ಸ್‌ಪಿ ಇದ್ದು ಪಾರ್ಟು ಸರಿಯಾದ ಅಳತೆಗೆ ಬರುತ್ತಿದ್ದರೆ ಅದನ್ನು ಮುಟ್ಟಬಾರದು. ಆದರೆ ಪ್ರೋಗ್ರಾಂ ತರುವ ಪೆನ್‌ಡ್ರೈವ್ ಕೂಡ ಒಂದು ನೆಟ್‌ವರ್ಕೇ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಇಂಟರ್‌ನೆಟ್‌ಗೆ ಸೇರದ ಇರಾನಿನ ಘಟಕಕ್ಕೆ ನುಗ್ಗಲು ಯುಎಸ್‌ಬಿಯಿಂದ ಹರಡುವ ದಾರಿಯನ್ನೂ ಇಟ್ಟುಕೊಂಡಿತ್ತು. ಆ ಯಂತ್ರಕ್ಕೆಂದೇ ಒಂದು ಪೆನ್‌ಡ್ರೈವ್ ಮೀಸಲಿಡುವುದು, ಹಾರ್ಡ್ ಡಿಸ್ಕಿನ ಪೂರ್ತಿ ಇಮೇಜ್ ತೆಗೆದು ಎರಡು ಕಡೆ ಇಡುವುದು, ಕಂಟ್ರೋಲರ್‌ನ ಪ್ಯಾರಾಮೀಟರ್‌ಗಳನ್ನು ಕಾಗದದ ಮೇಲೂ ಬರೆದಿಡುವುದು ಇವು ಯಾವುದೇ ಆಪರೇಟಿಂಗ್ ಸಿಸ್ಟಂನ ಬೆಂಬಲಕ್ಕಿಂತ ಹೆಚ್ಚು ದಿನ ಕಾಯುತ್ತವೆ. ನಿಜವಾದ 32-ಬಿಟ್ ಯಂತ್ರ ಬಿಟ್ಟರೆ ಬೇರೆ ಗತಿಯಿಲ್ಲದವರಿಗೆ ಡೆಬಿಯನ್ 12 ಇದೆ, ಅದರ ದೀರ್ಘಾವಧಿ ಬೆಂಬಲದ ಗಡುವು 2028ರ ಜೂನ್ ಅಂತ್ಯ. ನೆಟ್‌ಬಿಎಸ್‌ಡಿಯವರು ಆ ಚಿಪ್‌ಗಳನ್ನು ಇನ್ನೂ ಬಿಟ್ಟಿಲ್ಲ. ಅಷ್ಟರೊಳಗೆ ಹೊಸ ಯಂತ್ರ, ಪ್ಲಾಟರ್ ಅಥವಾ ಬಿಲ್ಲಿಂಗ್ ತಂತ್ರಾಂಶ ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಬೇಕಾದದ್ದು ಮೂರು: ಕಂಪನಿ ಮುಚ್ಚಿದರೆ ಡ್ರೈವರ್‌ನ ಮೂಲ ಕೋಡ್ ಯಾರ ಕೈಗೆ ಬರುತ್ತದೆ, ಡೇಟಾ ಹೊರಗೆ ತೆಗೆದರೆ ಯಾವ ರೂಪದಲ್ಲಿ ಸಿಗುತ್ತದೆ, ಕನ್ನಡ ಇದ್ದರೆ ಅದು ಯೂನಿಕೋಡೇ ಹೌದೇ.